ನಲ್ಲಿಯ ಬಳಿ ಬೆಳೆದ ಕಳ್ಳತನ

ಮೊಬೈಲ್ ಇನ್ನೂ ಎಲ್ಲರ ಕೈಗೆ ಬಾರದ ಕಾಲ. ಗರುಡಾಚಾರ್‌ಪಾಳ್ಯದ ವಠಾರದಲ್ಲಿ ನಲ್ಲಿಗೆ ನೀರು ಬರುವ ಮೊದಲೇ ಸುದ್ದಿ ಬರುತ್ತಿತ್ತು. ಚುನಾವಣೆ ಹತ್ತಿರವಾದಾಗ ಎಲ್ಲರ ಬಾಯಲ್ಲೂ ಕಳ್ಳರದೇ ಮಾತು.

ಗುಲಬರ್ಗಾ ಕಡೆಯಿಂದ ಬಂದು ಅಲ್ಲಿ ಬಾಡಿಗೆಗಿದ್ದ ಜಯಮಾಲಾ, ತಾನು ಮನೆಗೆಲಸ ಮಾಡುವ ಮನೆಯ ಅಂಗಳದಲ್ಲಿ ರಂಗೋಲಿ ಇಡುತ್ತಲೇ ಶುರುಮಾಡಿದಳು. ಆ ಮನೆಯ ಮಗಳು ಶರ್ವಾಣಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವವಳು.

"ಮೂರು ಮನಿ ಕಳುವಾಗ್ಯಾವ್ರಿ ಅಕ್ಕಾರ. ಈ ಸಲ ನಮ್ಮ ಓಟು ಎಲೆಕ್ಷನ್‌ಗೆ ನಿಂತಿರೋ ದಾದಾನಿಗೇ. ಕೇಸ್ ಇದ್ರ ಇರ್ಲಿ, ಕಳ್ಳರಿಗೆ ಅವನ ಅಂಜಿಕಿ ಅದ."

"ಕದ್ದಿದ್ದು ಯಾರಂತೆ?" ಎಂದಳು ಶರ್ವಾಣಿ.

"ನಮ್ಮೂರ ಕಡೀ ಶಿವಪುತ್ರನ ಮ್ಯಾಲೆ ಅನುಮಾನ. ರಾತ್ರಿ ಪಾಳಿ ಮಾಡ್ತಾನ. ಓನರು ರೂಮ್ ಖಾಲಿ ಮಾಡಂದಾರ."

"ಮೂರು ಮನೆ ಅಂತ ನಿಮಗ್ಯಾರು ಹೇಳಿದ್ದು ಜಯಕ್ಕ? ಒಬ್ಬೊಬ್ರಿಗೆ ಒಂದೊಂದು ಚುಕ್ಕಿ ಇಡಿ. ಯಾರಿಂದ ಯಾರಿಗೆ ಸುದ್ದಿ ಹೋಯ್ತೋ ಹಾಗೆ ಗೆರೆ ಎಳೀರಿ. ನಮ್ ಕ್ಲಾಸಲ್ಲೂ ಹೀಗೇ ಮಾಡ್ತೀವಿ."

ಜಯಮಾಲಾಳಿಗೆ ಹೇಳಿದ್ದು ವಠಾರದ ಗಂಗಾ. ಗಂಗಾಳಿಗೆ ವೆಂಕಟಮ್ಮ. ವೆಂಕಟಮ್ಮನಿಗೆ?

ಕೊನೆಯ ಗೆರೆ ಜಯಮಾಲಾಳ ಚುಕ್ಕಿಗೇ ಬಂದು ಸೇರಿತು. ವೆಂಕಟಮ್ಮನಿಗೆ ಹೇಳಿದವಳು ತಾನೇ! ನೆರೆಮನೆ ಫಹ್ಮಿದಾಳ ಗ್ಯಾಸ್ ಸಿಲಿಂಡರ್ ಕಳುವಾದ ಬೆಳಿಗ್ಗೆ, ಕೊಡದ ಸಾಲಿನಲ್ಲಿದ್ದವರು ತನ್ನ ಕಡೆ ತಿರುಗಲಿ ಎಂದು, "ಹಿಂದಿನ ಮನ್ಯಾಗೂ ಆಗ್ಯಾದಂತ, ರಾತ್ರಿ ಎದ್ದಿರಾಂವ ಶಿವಪುತ್ರ ಒಬ್ಬನೇ" ಎಂದು ಉಪ್ಪುಖಾರ ಹಚ್ಚಿದ್ದಳು.

"ನಿಮ್ಮ ಮಾತೇ ಸುತ್ತಿ ಬಳಸಿ, ದೊಡ್ಡದಾಗಿ, ನಿಮ್ಮ ಹತ್ರ ಬಂದಿದೆ. ಮೂರು ಜನ ಹೇಳಿದ ಮಾತ್ರಕ್ಕೆ ಮೂರು ಕಳ್ಳತನ ಆಗಲ್ಲ ಅಕ್ಕ. ಭಯ ಹೋದ ದಾರೀಲೇ ಓಟೂ ಹೋಗುತ್ತೆ. ದಾದಾನ ಮೇಲೆ ಏನು ಕೇಸು?"

"ಬಾಡಿಗಿ ಮಂದೀನ ಬಡದು ಹೊರಗ ಹಾಕಿದ್ದು," ಎಂದಳು ಜಯಮಾಲಾ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಸಂಜೆ ನಲ್ಲಿಯ ಬಳಿ ಎಲ್ಲರೆದುರು ನಿಂತಳು. "ಕಳುವಾಗಿದ್ದು ಸಿಲಿಂಡರ್ ಒಂದೇ. ಉಳಿದದ್ದು ನಾ ಕಟ್ಟಿದ್ದು. ಶಿವಪುತ್ರನ ಹೆಸರು ಎತ್ತಿದಾಕೀನೂ ನಾನೇ."

"ಥೂ ನಿನ್ನ!" ಎಂದಳು ವೆಂಕಟಮ್ಮ. ಯಾರೋ ಓನರನ್ನು ಕರೆಯಲು ಓಡಿದರು. ಹಾಸಿಗೆ ಸುತ್ತಿ ಹೊರಟಿದ್ದ ಶಿವಪುತ್ರ ನಿಲ್ಲಲಿಲ್ಲ, ಅವಳ ಮುಖ ನೋಡಲೂ ಇಲ್ಲ.

"ದಾದಾನಿಗೆ ನಮ್ಮ ಓಟು ಬ್ಯಾಡ," ಎಂದ ಗಂಡ ಲಕ್ಷ್ಮಿಕಾಂತ, ಅಂದು ರಾತ್ರಿ. ಜಯಮಾಲಾ "ಹೂಂ" ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಳ್ಳರಿಗೆ ಹೆದರುವುದು ತಪ್ಪಲ್ಲ. ಆದರೆ ಆ ಹೆದರಿಕೆಯಲ್ಲೇ ಓಟು ಹಾಕಬೇಡಿ. ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಯಾರೂ ಕಂಡಿರದಿದ್ದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಆಮೇಲೆ ತಪ್ಪೊಪ್ಪಿಕೊಂಡರೂ ಹೋದ ಶಿವಪುತ್ರ ತಿರುಗಿ ಬರುವುದಿಲ್ಲ.