ಹಾಲುಕ್ಕುವ ಮೊದಲು ಒಂದು ಸಹಿ

ಹ್ಯಾರಿಸನ್ ಸ್ಟೇಷನ್ನಿನ ಪಕ್ಕ ಏಳುತ್ತಿದ್ದ ಹೊಸ ಅಪಾರ್ಟ್‌ಮೆಂಟಿನ ಸೈಟ್ ಆಫೀಸಿನಲ್ಲಿ ಇಂಜಿನಿಯರ್ ನಂದಿತಾ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಮುಂದಿದ್ದದ್ದು ಒಂದೇ ಹಾಳೆ, ಕಟ್ಟಿಸುತ್ತಿದ್ದ ನಾರ್ವೆ ಕಂಪನಿಯದು. ತಲೆಬರಹ: ಫೆರ್ಡಿಸ್ಟಿಲೆಲ್ಸೆ. ಅವಳ ಸಹಿ ಬಿದ್ದರೆ ಭಾನುವಾರ ಮನೆಗಳ ಬೀಗದ ಕೈ ಹಂಚಬಹುದು.

"ಕಂಪ್ಲೀಟ್ ಅಂತ ತಾನೇ ಅದರರ್ಥ? ಹಾಕಮ್ಮಾ ಸೈನು," ಎಂದರು ಮ್ಯಾನೇಜರ್ ಜಗದೀಶ್. ಮೈಸೂರಿನವರು, ಮಾತೆಲ್ಲ ಬೆಣ್ಣೆ. ನಾಲ್ಕನೇ ಮಹಡಿಯಲ್ಲಿ ತಾವೂ ಒಂದು ಮನೆ ಕೊಂಡಿದ್ದರು. ಭಾನುವಾರವೇ ಗೃಹಪ್ರವೇಶ, ತಾಯಿ ರಮಾಮಣಿ ಅದಕ್ಕೆಂದೇ ಊರಿನಿಂದ ವಿಮಾನ ಹತ್ತಿ ಈ ಪರದೇಶಕ್ಕೆ ಬಂದಿಳಿದಿದ್ದರು.

ನಂದಿತಾ ಎರಡು ವರ್ಷ ನಾರ್ವೆಯಲ್ಲಿ ಓದಿದವಳು. "ಕಾಫಿ ಮುಗೀತು, ಹೋಮ್‌ವರ್ಕ್ ಮುಗೀತು ಅನ್ನೋಕೆ ಅಲ್ಲಿ ಬೇರೆ ಚಿಕ್ಕ ಪದ ಇದೆ ಸರ್. ಇದು ಸೇತುವೆ, ಕಟ್ಟಡ, ದೊಡ್ಡ ರಿಪೋರ್ಟ್, ಇಂಥದ್ದಕ್ಕೆ, ಅದೂ ಕಾಗದದ ಮೇಲೆ. ಏನೂ ಬಾಕಿ ಇಲ್ಲ ಅಂತ ನಾನು ಹೊಣೆ ಹೊತ್ತ ಹಾಗೆ. ಫೈರ್ ಅಲಾರ್ಮ್ ಟೆಸ್ಟೇ ಆಗಿಲ್ಲ."

"ಮಂಡೇ ಮಾಡಿದ್ರಾಯ್ತು. ನಮ್ಮಪ್ಪ ಹಾಲುಕ್ಕಿಸಿದ ದಿನ ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಮೂರು ವರ್ಷ ಗೋಣಿಚೀಲ ಕಟ್ಕೊಂಡು ಸ್ನಾನ ಮಾಡಿದ್ವಿ. ಏನಾಯ್ತು?"

ನಂದಿತಾಗೆ ನಗು ತಡೆಯಲಾಗಲಿಲ್ಲ. ನಮ್ಮವರಿಗೆ ಮುಹೂರ್ತ ಬಂತೆಂದರೆ ಮನೆ ಮುಗಿದಂತೆಯೇ. ಗಾರೆಯವನು ಒಳಗಿದ್ದರೂ ಸರಿ, ಪುರೋಹಿತರು ಕಾಯುವುದಿಲ್ಲ. ತನ್ನ ವೀಸಾ ಜಗದೀಶರ ಕೈಯಲ್ಲಿದೆ, ಕೆಲಸ ಹೋದರೆ ಊರಿಗೆ ಗಂಟುಮೂಟೆ ಕಟ್ಟಬೇಕು ಎಂಬುದೂ ನೆನಪಾಯಿತು. ಆದರೂ ಹಾಳೆಯನ್ನು ಕೈಗೆತ್ತಿಕೊಂಡು ಎದ್ದಳು.

"ಹಾಲುಕ್ಕಿಸೋದು ಶುರು ಮಾಡೋಕೆ ಸರ್. ಈ ಸೈನು ಮುಗಿಸೋಕೆ. ಬನ್ನಿ, ಈಗಲೇ ಟೆಸ್ಟ್ ಮಾಡೋಣ."

ಕೆಳಗಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಅಲಾರ್ಮ್ ಹೊಡೆಸಿದಳು. ಇಬ್ಬರೂ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯಲ್ಲಿ ಕಿವಿ ಕಿತ್ತುಹೋಗುವಂಥ ಸದ್ದು. ಮೂರನೆಯದರಲ್ಲೂ ಅಷ್ಟೇ. ಜಗದೀಶ್ ಕಿವಿ ಮುಚ್ಚಿಕೊಂಡು, ನೋಡಿದೆಯಾ ಎಂಬಂತೆ ನಕ್ಕರು.

ನಾಲ್ಕನೆಯದರಲ್ಲಿ ಗಂಟೆ ಹೊಡೆಯಲೇ ಇಲ್ಲ. ಕೆಳಗಿನ ಸದ್ದಷ್ಟೇ ಕ್ಷೀಣವಾಗಿ ಬರುತ್ತಿತ್ತು, ಬಾಗಿಲು ಹಾಕಿಕೊಂಡರೆ ಅದೂ ಕೇಳುವಂತಿರಲಿಲ್ಲ.

ಜಗದೀಶ್ ತಮ್ಮ ಮನೆಯ ಬಾಗಿಲ ಮುಂದೆ ನಿಂತುಬಿಟ್ಟರು. ಎಡಿಸನ್ನಿನ ಇಂಡಿಯನ್ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಆಗಲೇ ಕಟ್ಟಿಯಾಗಿತ್ತು. ಹಗಲೆಲ್ಲ ಆ ಮನೆಯಲ್ಲಿ ಒಬ್ಬರೇ ಇದ್ದು ಒಲೆ ಹಚ್ಚುವವರು ರಮಾಮಣಿ. ಜಗದೀಶ್ ತೋರಣವನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ ಫೋನ್ ತೆಗೆದರು.

"ಅಮ್ಮಾ, ಭಾನುವಾರ ಬೇಡ. ಬೇರೆ ಮುಹೂರ್ತ ಕೇಳು."

"ಯಾಕೋ? ಮನೆ ಮುಗಿದಿದೆ ಅಂದ್ಯಲ್ಲೋ?"

ಜಗದೀಶ್ ನಂದಿತಾಳ ಕೈಯಲ್ಲಿದ್ದ ಹಾಳೆ ನೋಡಿದರು.

"ಮುಗೀತು ಅಂತ ನಾನು ಅಂದ್ರೆ ಸಾಲ್ದಮ್ಮಾ. ನಮ್ಮ ಇಂಜಿನಿಯರ್ ಬರೆದುಕೊಡಬೇಕು."