ಗುಲಾಬಿ ಮೇಷ್ಟ್ರ ಬೆರಳು

ಗುಲಾಬಿ ಮೇಷ್ಟ್ರು ಜೀವಮಾನದಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಕೂತು ಕೇಕಿಗೆ ಹೂ ಮಾಡುವುದು ಅವರ ಕೆಲಸ. ಸಕ್ಕರೆ ಹಿಟ್ಟನ್ನು ಕಣಕದಂತೆ ನಾದಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಎಸಳೆಸಳಾಗಿ ಅಂಟಿಸಿ ಅವರು ಮಾಡಿಟ್ಟ ಗುಲಾಬಿಯನ್ನು ಜನ ಮೊದಲು ಮೂಸಿ, ಆಮೇಲೆ ತಿನ್ನುತ್ತಿದ್ದರು. ಅದಕ್ಕೇ ಆ ಬಿರುದು.

ಎಸಳು ಅಂಟಲು ಗ್ಲೂಕೋಸ್ ಪಾಕ ಬೇಕು. ಜೇನಿನಂತೆ ಮಂದವಾದ ಅದು ದೊಡ್ಡ ಡಬ್ಬದಲ್ಲಿ ಬರುತ್ತದೆ. ಅದಕ್ಕೆ ನೀರು ಬೆರೆಸಿ ಬಟ್ಟಲಲ್ಲಿಟ್ಟುಕೊಂಡು, ನೋಟು ಎಣಿಸುವವರು ಬೆರಳು ಒದ್ದೆ ಮಾಡಿಕೊಳ್ಳುವ ಹಾಗೆ, ಮೇಷ್ಟ್ರು ಮೇಜಿಗೆ ಕೂತಾಗಲೆಲ್ಲ ಬೆರಳ ತುದಿ ಅದ್ದಿ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದರು. ಕೆಲಸ ಕಲಿತ ದಿನದಿಂದ ಬಂದ ಅಭ್ಯಾಸ. ಈಗ ಅದು ಕೈಗೆ ಗೊತ್ತೇ ಹೊರತು ತಲೆಗೆ ಗೊತ್ತಿರಲಿಲ್ಲ.

ಇಂಥವರಿಗೆ ಸಕ್ಕರೆ ಕಾಯಿಲೆ ಬಂತು.

"ಕಪ್ಪೆಗೂ ನೆಗಡಿ ಬರುತ್ತೆ ಅಂತಾರಲ್ಲ, ಇದೇ ಇರಬೇಕು" ಎಂದು ಭಾವ ನಕ್ಕರು. ಭಾವ ಎಂದರೆ ಮೇಷ್ಟ್ರ ಅಕ್ಕನ ಗಂಡ, ಬೇಕರಿಯ ಯಜಮಾನರು.

ಮೇಷ್ಟ್ರು ನಗಲಿಲ್ಲ. ಕ್ಲಿನಿಕ್ಕಿಗೆ ಹೋಗಿ, ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಮುಂದಿಟ್ಟುಕೊಂಡು ಡಾಕ್ಟರಮ್ಮನ ಜೀವ ಹಿಂಡಿಬಿಟ್ಟರು. ಯಾವ ಬೆರಳಿಗೆ ಚುಚ್ಚಬೇಕು? ಯಾವುದಾದರೂ ಸರಿ, ಬದಲಾಯಿಸುತ್ತಿರಿ. ತುದಿಯ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ನನ್ನ ಸೂಜಿಯಿಂದ ಹೆಂಡತಿಯೂ ನೋಡಿಕೊಳ್ಳಬಹುದೇ? ಖಂಡಿತ ಬೇಡ. ಸ್ಟ್ರಿಪ್ಪಿನ ಡಬ್ಬಿ ತೆರೆದಿಟ್ಟರೆ? ತೇವ ಹಿಡಿದು ಸುಳ್ಳು ಹೇಳುತ್ತದೆ, ಮುಚ್ಚಿಡಿ. ಯಾವಾಗ ನೋಡಬೇಕು? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮತ್ತೆ ಊಟಕ್ಕೆ ಕೂತು ಎರಡು ಗಂಟೆ ಕಳೆದ ಮೇಲೆ. ಎಷ್ಟಿರಬೇಕು?

"ಬೆಳಿಗ್ಗೆ ನೂರಮೂವತ್ತರ ಒಳಗೆ, ಊಟ ಆದ್ಮೇಲೆ ನೂರೆಂಬತ್ತರ ಒಳಗೆ ಇದ್ರೆ ನಿಮಗೂ ಸಂತೋಷ, ನನಗೂ ಸಂತೋಷ. ಚುಚ್ಚೋಕೆ ಮುಂಚೆ ಸೋಪು ಹಾಕಿ ಕೈ ತೊಳೀರಿ, ಒರೆಸ್ಕೊಳ್ಳಿ."

"ಗುಲಾಬಿ ಮಾಡಬಹುದಾ, ಡಾಕ್ಟ್ರೇ?"

"ಮಾಡಿ. ತಿನ್ನಬೇಡಿ."

ಮೇಷ್ಟ್ರು ಅಕ್ಷರಶಃ ಪಾಲಿಸಿದರು. ಕ್ರೀಮಿನ ರುಚಿ ನೋಡುವುದನ್ನೂ ಬಿಟ್ಟರು. ಮಧ್ಯಾಹ್ನ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ನೋಡಿದರೆ ನೂರಹದಿನೆಂಟು. ಆದರೆ ಮಧ್ಯಾಹ್ನ ಭಾವನ ಎದುರು ಕೈ ತೊಳೆದು, ಒರೆಸಿ, ಹೂವಿನ ಮೇಜಿಗೆ ಕೂತು ಬೆರಳು ಚುಚ್ಚಿದಾಗ ಯಂತ್ರ ಮುನ್ನೂರ ಎಂಬತ್ತಾರು ತೋರಿಸಿತು.

ಭಾವ ಕನ್ನಡಕ ಏರಿಸಿ ನೋಡಿದರು. "ಏನಪ್ಪಾ ಇದು? ಏನು ತಿಂದೆ?"

"ಬುತ್ತಿ ತಿಂದೆ ಭಾವ. ಆಣೆ ಮಾಡಿ ಹೇಳ್ತೀನಿ."

"ಬುತ್ತೀಲಿ ಬೆಲ್ಲದ ಅಚ್ಚು ಇಟ್ಟಿದ್ಲಾ ನಿನ್ನ ಹೆಂಡ್ತಿ?"

ಮರುದಿನವೂ ಮುನ್ನೂರು ದಾಟಿತು. ಅದರ ಮರುದಿನ ನಾನೂರರ ಹೊಸ್ತಿಲು ತುಳಿಯಿತು. ಭಾವನ ದನಿ ಏರಿತು. "ಬಾಯಿಗೆ ಹೋಗದೆ ರಕ್ತಕ್ಕೆ ಹೇಗೋ ಹೋಗುತ್ತೆ? ಕಣ್ಣಲ್ಲಿ ತಿಂತೀಯಾ? ನಾಳೆ ನಿನಗೇನಾದ್ರೂ ಆದ್ರೆ ನಿಮ್ಮಕ್ಕ ನನ್ನನ್ನ ಭಟ್ಟಿಗೆ ಹಾಕಿ ಬೇಯಿಸ್ತಾಳೆ. ನಾಳೆಯಿಂದ ನೀನು ಬ್ರೆಡ್ಡಿನ ಕಡೆಗೆ ಹೋಗು. ಹೂವು ನಾನು ನೋಡ್ಕೋತೀನಿ."

ಮೇಷ್ಟ್ರ ಮುಖ ತಣ್ಣಗಾದ ಟೀಯಂತಾಯಿತು. ಕಳ್ಳ ಎಂದಿದ್ದರೂ ಸಹಿಸುತ್ತಿದ್ದರೇನೋ. ಗುಲಾಬಿ ಬಿಟ್ಟು ಬನ್ನಿಗೆ ಹೋಗು ಎಂದದ್ದು ಕರುಳಿಗೆ ಕೈ ಹಾಕಿದಂತಾಯಿತು. "ಸಕ್ಕರೆ ಬಂದಾಗ ಅಳು ಬರಲಿಲ್ಲ, ಈಗ ಬರ್ತಿದೆ ಕಣೇ" ಎಂದು ಹೆಂಡತಿಯ ಮುಂದೆ ಹೇಳಿಕೊಂಡರು. "ಇನ್ನು ಆ ಮೇಜು ನನಗೆ ಸಿಗಲ್ಲ."

ಹೆಂಡತಿ ಹೊಲಿಗೆಯವಳು. ಒಂದು ನೂಲು ಎಳೆದಂತೆ ಕಂಡರೂ ಇಡೀ ಹೊಲಿಗೆ ಬಿಚ್ಚಿ ನೋಡುವ ಸ್ವಭಾವ. "ನಿಮ್ಮ ಭಾವನ ಮುಂದೆ ಹೇಳೋ ಹಾಗೆ ಹೇಳಬೇಡಿ, ನಿಜ ಹೇಳಿ. ಒಂದೆಸಳಾದ್ರೂ ಬಾಯಿಗೆ ಹಾಕ್ಕೊಂಡ್ರಾ?"

"ಇಲ್ಲ ಅಂದ್ನಲ್ಲ!"

"ಸರಿ, ಹೋಗಿ. ನೋಡೋಣ."

ಬ್ರೆಡ್ಡಿನ ಕೋಣೆಗೆ ಹೋದ ಮೊದಲ ದಿನ ಮಧ್ಯಾಹ್ನ ಇನ್ನೂರ ಮೂವತ್ತಾರು. ಭಾವ ಮೇಜು ಬಡಿದರು. "ನೋಡಿದ್ಯಾ! ಒಂದೇ ದಿನಕ್ಕೆ ಇಳೀತು! ಭಟ್ಟಿ ಬಿಸಿಗೆ ಕರಗಿ ಹೋಯ್ತು." ಬಂದ ಗಿರಾಕಿಗಳಿಗೆಲ್ಲ ತಾವೇ ಔಷಧಿ ಕಂಡುಹಿಡಿದವರಂತೆ ಹೇಳಿದರು.

ಮೇಷ್ಟ್ರಿಗೂ ಅರೆಮನಸ್ಸಿನ ಸಮಾಧಾನವಾಯಿತು. ಬ್ರೆಡ್ಡಿನ ಕೆಲಸದಲ್ಲಿ ಇನ್ನೊಂದು ಅನುಕೂಲವೂ ಇತ್ತು: ಪ್ರತಿ ತಟ್ಟೆ ಭಟ್ಟಿಯಿಂದ ಇಳಿದಾಗ ಒಂದು ಬನ್ನು ಮುರಿದು, ಒಳಗೆ ಬೆಂದಿದೆಯೇ ಎಂದು ನೋಡುವುದು ಅಲ್ಲಿನ ಕ್ರಮ. ಮುರಿದದ್ದನ್ನು ಎಸೆಯಲಾದೀತೇ? ತಿನ್ನುತ್ತಿದ್ದರು. ಸಿಹಿಯಂತೂ ಅಲ್ಲ. ಮೇಲಾಗಿ ಬ್ರೆಡ್ಡು ಎಂದರೆ ಕಾಯಿಲೆಯವರ ಆಹಾರವೇ ಅಲ್ಲವೇ?

ಇತ್ತ ಮನೆಯಲ್ಲಿ ಬೆಳಗಿನ ಸಂಖ್ಯೆ ಮೆಟ್ಟಿಲು ಹತ್ತತೊಡಗಿತು. ನೂರಮೂವತ್ತೈದು. ನೂರನಲವತ್ತೆಂಟು. ವಾರದ ಕೊನೆಗೆ ನೂರ ಅರವತ್ತು.

"ಅಲ್ಲಿ ಇಳೀತು ಅಂತ ನಿಮ್ಮ ಭಾವ ಡಂಗುರ ಹೊಡೀತಾರೆ, ಇಲ್ಲಿ ಏರ್ತಿದೆ" ಎಂದಳು ಹೆಂಡತಿ. "ಒಂದೇ ಮೈಯಲ್ಲಿ ಎರಡು ರಕ್ತ ಇರೋಕೆ ಸಾಧ್ಯ ಇಲ್ಲ. ಇವತ್ತು ನಾನೂ ಬರ್ತೀನಿ."

ಅವಳು ಬಂದ ದಿನ ಬೇಕರಿಯಲ್ಲಿ ಅಪಶ್ರುತಿ ಆಗಲೇ ಶುರುವಾಗಿತ್ತು. ಮದುವೆ ಕೇಕು ನೋಡಲು ಬಂದ ಹುಡುಗಿಯ ತಾಯಿ ಭಾವ ಮಾಡಿದ ಹೂವುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇದೇನ್ರೀ, ಎಲೆಕೋಸು?"

"ಗುಲಾಬಿ ಅಮ್ಮ. ಸ್ವಲ್ಪ ಅರಳಿದ್ದು."

"ಅರಳಿದ್ದಲ್ಲ, ಬಾಡಿ ಬಿದ್ದಿದ್ದು. ಸಂಜೆ ಒಳಗೆ ಸರಿಯಾದ್ದು ಕೊಡ್ತೀರಾ, ಇಲ್ಲ ಬೇರೆ ಕಡೆ ನೋಡ್ಲಾ?"

ಭಾವ ಬ್ರೆಡ್ಡಿನ ಕೋಣೆಗೆ ಓಡಿದರು. ಅಲ್ಲಿ ಮೇಷ್ಟ್ರು ಬಿಸಿ ಬನ್ನು ಮುರಿದು ಬಾಯಿಗಿಟ್ಟಿದ್ದರು. ಎದುರಿಗೆ ಮಗುಚಿಟ್ಟ ಬುಟ್ಟಿಯ ಮೇಲೆ ಕೂತ ಹೆಂಡತಿ ನೋಡುತ್ತಿದ್ದಳು.

"ಇದು ಎಷ್ಟನೇದು?" ಎಂದಳು.

"ತಿಂತಿಲ್ಲ ಕಣೇ. ಬೆಂದಿದೆಯಾ ನೋಡ್ತಿದೀನಿ."

"ನಾಲಿಗೇಲಾ?"

"ಬನ್ನು ತಾನೇ, ಸಿಹಿ ಅಲ್ಲವಲ್ಲ!"

"ಹೊಟ್ಟೆ ಒಳಗೆ ಹೋದ್ಮೇಲೆ ಮೈದಾ ಏನಾಗುತ್ತೆ ಅಂತ ಡಾಕ್ಟರಮ್ಮನ್ನ ಕೇಳಿದ್ರಾ? ಅಷ್ಟೆಲ್ಲ ಕೇಳಿದ್ರಿ, ಇದೊಂದು ಬಿಟ್ಟುಬಿಟ್ರಾ? ಸಕ್ಕರೇನೇ ಆಗೋದು ಕಣ್ರೀ!"

ಮೇಷ್ಟ್ರು ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತರು.

"ಜಗಳ ಆಮೇಲೆ ಆಡಿ" ಎಂದರು ಭಾವ. "ಇವತ್ತೊಂದು ದಿನ ಹೂವಿನ ಮೇಜಿಗೆ ಬಾರಪ್ಪ. ಮಾನ ಹೋಗ್ತಿದೆ."

ಮೇಷ್ಟ್ರು ತವರಿಗೆ ಹೊರಟ ಹೆಣ್ಣಿನಂತೆ ಹೆಜ್ಜೆ ಹಾಕಿದರು. ಮೊದಲ ತಟ್ಟೆ ಹೂ ಮುಗಿಯುವ ಹೊತ್ತಿಗೆ ಪರೀಕ್ಷೆಯ ಸಮಯವಾಯಿತು. ಎದ್ದು ಸೋಪು ಹಚ್ಚಿ ಕೈ ತೊಳೆದರು, ಒರೆಸಿಕೊಂಡರು, ಬಂದು ಕೂತರು. ಕೂತೊಡನೆ ಬಲಗೈ ತಾನಾಗಿಯೇ ಹೋಗಿ ಬಟ್ಟಲಲ್ಲಿ ಬೆರಳದ್ದಿ, ಏಪ್ರನ್ನಿಗೆ ಒರೆಸಿ, ಸೂಜಿಗೆ ಸಿದ್ಧವಾಗಿ ಚಾಚಿ ನಿಂತಿತು.

"ನಿಲ್ಲಿ" ಎಂದಳು ಹೆಂಡತಿ. "ಈಗ ಏನು ಮಾಡಿದ್ರಿ?"

"ಕೈ ತೊಳೆದೆ."

"ಅದಾದ್ಮೇಲೆ?"

"ಕೂತೆ."

"ನಡುವೆ?"

ಮೇಷ್ಟ್ರು ಪ್ರಾಮಾಣಿಕವಾಗಿಯೇ ಯೋಚಿಸಿದರು. "ನಡುವೆ ಏನಿಲ್ಲ."

ಹೆಂಡತಿ ಬಟ್ಟಲು ತೋರಿಸಿದಳು. ಅದರ ಹಿಂದಿದ್ದ ಡಬ್ಬ ತೋರಿಸಿದಳು. ಅದರ ಮೇಲೆ ಗೇಣುದ್ದದ ಅಕ್ಷರಗಳಲ್ಲಿ 'ಗ್ಲೂಕೋಸ್' ಎಂದು ಬರೆದಿತ್ತು. ಭಾವ ಇಷ್ಟು ದಿನವೂ ಕನ್ನಡಕವನ್ನು ಒರಗಿಸಿಡುತ್ತಿದ್ದದ್ದು ಅದೇ ಡಬ್ಬಕ್ಕೆ.

"ಯಂತ್ರ ಹುಡುಕೋದೇ ಗ್ಲೂಕೋಸು" ಎಂದಳು ಅವಳು. "ನೀವು ಅದನ್ನೇ ಬೆರಳಿಗೆ ಬಳ್ಕೊಂಡು ಕೊಟ್ರೆ, ಪಾಪ ಅದಾದ್ರೂ ಏನು ಹೇಳುತ್ತೆ?"

ಹಾಗೇ ಚುಚ್ಚಿ ನೋಡಿದರು: ನಾನೂರ ಎರಡು. ಮತ್ತೆ ತೊಳೆಸಿದಳು, ಈ ಸಲ ಅಪರಾಧಿಯನ್ನು ಕರೆದೊಯ್ಯುವಂತೆ ಮಣಿಕಟ್ಟು ಹಿಡಿದುಕೊಂಡು, ಬಟ್ಟಲಿನ ಹತ್ತಿರವೂ ಬಿಡದೆ, ಬಚ್ಚಲ ಬಳಿಯೇ ನಿಲ್ಲಿಸಿ ಹೊಸ ಸೂಜಿಯಲ್ಲಿ ಚುಚ್ಚಿದಳು. ಇನ್ನೂರ ನಲವತ್ತೊಂದು.

"ಹಾಗಾದ್ರೆ ನಾನು ಕಳ್ಳ ಅಲ್ಲ!" ಎಂದು ಮೇಷ್ಟ್ರು ಕುಣಿದರು.

"ಹೂವಿನ ಕಳ್ಳ ಅಲ್ಲ. ಬನ್ನಿನ ಕಳ್ಳ ಹೌದು. ಮೊದಲನೇದು ಡಬ್ಬದ ಲೆಕ್ಕ, ಎರಡನೇದು ಬನ್ನಿನ ಲೆಕ್ಕ." ಅವಳು ಭಾವನ ಕಡೆ ತಿರುಗಿದಳು. "ಅಣ್ಣ, ಇವರು ಹೂವಿನ ಹತ್ರ ಇದ್ದಾಗ ಏನೂ ತಿಂತಿರಲಿಲ್ಲ. ನೀವು ಕಾಪಾಡ್ತೀನಿ ಅಂತ ಒಯ್ದು ಬನ್ನಿನ ರಾಶಿ ಮುಂದೆ ಕೂರಿಸಿದ್ರಿ. ಕಾಯಿಲೆಯವರನ್ನ ಎಲ್ಲಿಡಬೇಕು, ಈಗ ನೀವೇ ಹೇಳಿ."

ಭಾವ ಕನ್ನಡಕ ತೆಗೆದು ಒರೆಸಿದರು. ಒರೆಸುವುದು ಮುಗಿದ ಮೇಲೂ ಒರೆಸಿದರು. "ನಾನಂತೂ ಮೊದಲೇ ಅಂದ್ಕೊಂಡಿದ್ದೆ, ಆ ಯಂತ್ರದಲ್ಲೇ ಏನೋ ಇದೆ ಅಂತ."

"ಯಂತ್ರದಲ್ಲಿ ಏನೂ ಇಲ್ಲ ಅಣ್ಣ."

"ಆಯ್ತಮ್ಮ. ಹೂವಿನ ಮೇಜು ಅವನದೇ. ಆ ಎಲೆಕೋಸನ್ನ ಮೊದಲು ಎತ್ತಿಡಿ, ಯಾರಾದ್ರೂ ನೋಡ್ತಾರೆ."

ಸಂಜೆ ಹುಡುಗಿಯ ತಾಯಿ ಬಂದು, ಹೊಸ ಗುಲಾಬಿಗಳಿಗೆ ಮೂಗು ತಾಗಿಸಿ, ಕೇಕು ಒಯ್ದರು.

ಮುಂದಿನ ವಾರ ಮೇಷ್ಟ್ರು ಬುತ್ತಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪರೀಕ್ಷೆ ಬಚ್ಚಲ ಬಳಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ಯಂತ್ರ ನೂರ ಐವತ್ತೆರಡು ಎಂದಿತು. ಮೇಷ್ಟ್ರು ಅದನ್ನು ಪದಕದಂತೆ ಎತ್ತಿ ಹಿಡಿದು ಭಾವನಿಗೆ ತೋರಿಸಿದರು.

ಭಾವನಿಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದ ತಟ್ಟೆಗೆ ಕೈ ಹಾಕಿ, ಹೊಗೆಯಾಡುತ್ತಿದ್ದುದನ್ನು ಮೈದುನನ ಬಾಯಿಯ ಹತ್ತಿರ ತಂದರು.

"ಶಹಬ್ಬಾಸ್! ತಗೋ, ಬಾಯಿ ತೆಗಿ. ಹೆದರಬೇಡ, ಸಿಹಿ ಅಲ್ಲ. ಬನ್ನು."