ಕೌಂಟರಿನಲ್ಲಿ ಹೇಳದೆ ಉಳಿದ ಮಾತು

ಟೈಲರಮ್ಮನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕೈ ಗಡಗಡ ನಡುಗುತ್ತಿತ್ತು. ಸುಮ್ಮನೆ ಕೂತಾಗಲೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಥೈರಾಯ್ಡ್ ತೊಂದರೆ ಇರಬಹುದು ಎಂದ ಡಾಕ್ಟರು, ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದುಕೊಟ್ಟರು.

ಅವಳದೊಂದು ಗುಟ್ಟಿತ್ತು. ಮಗಳು ಪಾಪಚ್ಚಿಗೆ ಎರಡು ವರ್ಷ ತುಂಬಿ ನಾಲ್ಕು ತಿಂಗಳಾಗಿದ್ದರೂ ಅವಳಿನ್ನೂ ಎದೆಹಾಲು ಬಿಡಿಸಿರಲಿಲ್ಲ. ಅತ್ತೆಯ ನಾಲಿಗೆ ಹರಿತ. "ಬಾಯ್ತುಂಬ ಹಲ್ಲಿರೋ ಮಗೂಗೆ ಇನ್ನೂ ಎದೆಹಾಲಾ? ನಾಳೆ ಸ್ಕೂಲಿಗೂ ಹಿಂದಿಂದೆ ಹೋಗಿ ಕುಡಿಸ್ತೀಯಾ?" ಎಂದು ಪಕ್ಕದ ಮನೆಯವರ ಮುಂದೆಯೇ ಹಂಗಿಸಿದ್ದರು. ಟೈಲರಮ್ಮ ಬಿಡಿಸಿಬಿಟ್ಟೆ ಎಂದು ಸುಳ್ಳು ಹೇಳಿ, ಅಂದಿನಿಂದ ಕದ್ದುಮುಚ್ಚಿ ಕುಡಿಸುತ್ತಿದ್ದಳು. ಹೆತ್ತ ಮಗುವಿಗೆ ಹಾಲು ಕೊಡಲು ತಾಯಿ ಕಳ್ಳಿಯಾಗಬೇಕೆ, ನೀವೇ ಹೇಳಿ.

ಆಸ್ಪತ್ರೆಗೆ ಅತ್ತೆಯೇ ಜೊತೆಗೆ ಬಂದರು. ಕೌಂಟರಿನವನು ಕಂಪ್ಯೂಟರಿನಿಂದ ತಲೆ ಎತ್ತದೆ, ಇಡೀ ಕ್ಯೂಗೆ ಕೇಳುವಂತೆ, "ಬಸುರೀನಾ? ಮಗೂಗೆ ಹಾಲು ಕುಡಿಸ್ತೀರಾ?" ಎಂದ.

"ಇಲ್ಲ," ಎಂದಳು ಟೈಲರಮ್ಮ. ಬಾಯಿ ಬಿಟ್ಟರೆ ಬಣ್ಣಗೇಡು, ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಒಳಗೆ, ಸ್ಕ್ಯಾನಿಗೆ ಮೊದಲು ಇಂಜೆಕ್ಷನ್ ಕೊಡುವ ಸಿಸ್ಟರ್, ಅತ್ತೆಯನ್ನು ಹೊರಗೇ ಕೂರಿಸಿ, ಬಾಗಿಲು ಹಾಕಿ ಎದುರಿಗೆ ಕೂತರು. "ಜನರೆದುರು ನಾಚಿಕೊಂಡು ಎಷ್ಟೋ ಜನ ಇಲ್ಲ ಅಂದ್ಬಿಡ್ತಾರೆ. ಅದಕ್ಕೇ ನಾನು ಇನ್ನೊಂದ್ಸಲ ಕೇಳ್ತೀನಮ್ಮ. ಹಾಲು ಕುಡಿಸ್ತಿದ್ದೀರಾ?"

ಟೈಲರಮ್ಮ ನೆಲ ನೋಡಿದಳು. "ದಿನಕ್ಕೆ ಒಂದೆರಡು ಸಲ ಅಷ್ಟೇ. ಅದ್ರಿಂದೇನು? ಇದೂ ಎಕ್ಸ್‌ರೇ ಥರಾನೇ ಅಲ್ವಾ?"

"ಅಲ್ಲ. ಎಕ್ಸ್‌ರೇ ತೆಗೆದ್ಮೇಲೆ ಹಾಲಲ್ಲಿ ಏನೂ ಉಳಿಯಲ್ಲ. ಸ್ಕ್ಯಾನಿಗೆ ನಾನು ಚುಚ್ಚೋ ಈ ಔಷಧದಲ್ಲೇ ವಿಕಿರಣ ಇರುತ್ತೆ, ಅದೇ ರೇಡಿಯೇಶನ್. ರಕ್ತಕ್ಕೆ ಸೇರಿ, ಸ್ವಲ್ಪ ಹಾಲಿಗೂ ಇಳಿಯುತ್ತೆ. ಮಗು ಕುಡಿದ್ರೆ ಅದರ ಮೈಗೂ ಹೋಗುತ್ತೆ."

ಟೈಲರಮ್ಮ ದಡಕ್ಕನೆ ಎದ್ದು ನಿಂತಳು. ಮನೆಗೆ ಹೋದ ಕೂಡಲೇ ಪಾಪಚ್ಚಿ ಓಡಿ ಬಂದು ಮಡಿಲೇರುತ್ತಿದ್ದಳು. "ಹಾಗಾದ್ರೆ ಈ ಸ್ಕ್ಯಾನೇ ಬೇಡ ಸಿಸ್ಟರ್!"

"ಕಾಯಿಲೆ ಮೈಯಲ್ಲಿ ಇಟ್ಕೊಂಡು ಮಗೂನ ಹೇಗೆ ಸಾಕ್ತೀರಿ? ಕೂತ್ಕೊಳ್ಳಿ," ಎಂದು ಸಿಸ್ಟರ್ ಡಾಕ್ಟರನ್ನು ಕೇಳಿಕೊಂಡು ಬಂದರು. "ನಿಮಗೆ ಕೊಡೋ ಔಷಧದ ಶಕ್ತಿ ಬೇಗ ಇಳಿಯುತ್ತೆ. ನಾಳೆ ಇದೇ ಹೊತ್ತಿನ ತನಕ ಕುಡಿಸ್ಬೇಡಿ. ಎದೆ ಬಿಗಿದ್ರೆ ಹಿಂಡಿ ಚೆಲ್ಲಿ. ಇವತ್ತೊಂದಿನ ಮಗೂನ ತುಂಬಾ ಹೊತ್ತು ತಬ್ಕೊಂಡು ಕೂರ್ಬೇಡಿ. ಆಮೇಲೆ ಎಂದಿನ ಹಾಗೇ ಕುಡಿಸಿ. ಎಲ್ಲ ಔಷಧಾನೂ ಹೀಗಲ್ಲ ಮತ್ತೆ. ವಿಕಿರಣ ಇರೋ ಒಂದು ಬಗೆ ಅಯೋಡಿನ್ ಕೊಟ್ರೆ, ಈ ಮಗೂಗೆ ಹಾಲು ಪೂರ್ತಿ ನಿಲ್ಲಿಸ್ಬೇಕಾಗುತ್ತೆ."

"ಅತ್ತೆಗೆ ಏನಂತ ಹೇಳ್ಲಿ?"

"ಅದಕ್ಕೆ ನನ್ನ ಹತ್ರ ಇಂಜೆಕ್ಷನ್ ಇಲ್ಲಮ್ಮ. ನೀವೇ ಹೇಳ್ಬೇಕು."

ಇಂಜೆಕ್ಷನ್ನಿಗೆ ಮೊದಲೇ ಹೊರಗೆ ಬಂದು, ಬೆಂಚಿನ ಮೇಲೆ ಕೂತು ಟೈಲರಮ್ಮ ಎಲ್ಲವನ್ನೂ ಹೇಳಿದಳು. ಅತ್ತೆ ಅವಳ ಕಡೆ ತಿರುಗಿದರು.

"ನನ್ನ ಬಾಯಿಗೆ ಹೆದರಿ ಕೂಸಿಗೆ ಇದನ್ನ ಕುಡಿಸೋಕೆ ಹೊರಟಿದ್ಯೇನೆ?" ಅವರು ಸೊಸೆಯ ಕೈ ಹಿಡಿದುಕೊಂಡರು. "ತಪ್ಪು ನಂದು ಕಣೆ. ಹೋಗು, ಸ್ಕ್ಯಾನ್ ಮಾಡಿಸ್ಕೋ. ಪಾಪಚ್ಚೀನ ನಾನು ನೋಡ್ಕೋತೀನಿ."

ಸ್ಕ್ಯಾನ್ ಮುಗಿಸಿ ಮನೆಗೆ ಬಂದ ಆ ದಿನ ಮಗು ಹಾಲಿಗಾಗಿ ರಚ್ಚೆ ಹಿಡಿಯಿತು. ಅಜ್ಜಿ ಸೊಂಟದಿಂದ ಇಳಿಸದೆ ಎತ್ತಿಕೊಂಡೇ ತಿರುಗಿದರು. ಮಾರನೆಯ ದಿನ ಸಿಸ್ಟರ್ ಹೇಳಿದ ಹೊತ್ತು ಮುಗಿದ ಮೇಲೆ, ಪಕ್ಕದ ಮನೆಯವರು ಬಂದು ಕೂತಿದ್ದಾಗಲೇ, ಮಗುವನ್ನು ತಾವೇ ತಂದು ಸೊಸೆಯ ಮಡಿಲಿಗೆ ಹಾಕಿದರು. "ಕುಡಿಸು. ಯಾರು ಏನಂತಾರೋ ನಾನು ನೋಡ್ತೀನಿ," ಎಂದರು. ಟೈಲರಮ್ಮನ ಕಣ್ಣು ತುಂಬಿ ಬಂತು.

ತಾಯಂದಿರೇ, ಇಂಥ ಸ್ಕ್ಯಾನಿಗೆ ಹೋದಾಗ ಯಾರೂ ಕೇಳದಿದ್ದರೂ ನೀವೇ ಹೇಳಿ: ನಾನು ಹಾಲು ಕುಡಿಸುತ್ತೇನೆ. ದಿನಕ್ಕೊಮ್ಮೆ ಕುಡಿಸಿದರೂ ಹೇಳಿ. ಎಷ್ಟು ಹೊತ್ತು ನಿಲ್ಲಿಸಬೇಕೆಂದು ಬರೆಸಿಕೊಳ್ಳಿ, ಔಷಧ ಬದಲಾದರೆ ಹೊತ್ತೂ ಬದಲಾಗುತ್ತದೆ. ಎಳೆಗೂಸಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಹಾಲು ಹಿಂಡಿ ಇಡಬಹುದೇ ಎಂದು ಕೇಳಿ. ಹೆದರಿ ಪರೀಕ್ಷೆ ಬಿಡಬೇಡಿ, ಡಾಕ್ಟರನ್ನು ಕೇಳದೆ ಹಾಲು ಬಿಡಿಸಬೇಡಿ. ಮನೆಯ ಹಿರಿಯರೇ, ನಿಮ್ಮದೊಂದು ಕುಹಕದ ಮಾತಿಗೆ ಅಂಜಿ ಯಾವ ತಾಯಿಯೂ ಆಸ್ಪತ್ರೆಯಲ್ಲಿ "ಇಲ್ಲ" ಎನ್ನುವಂತಾಗದಿರಲಿ.